ಭಾನುವಿನ ಬಂಗು

ಮದುವೆಯಾಗಿ ಬಂದ ಹೊಸದರಲ್ಲಿ ಮುನಿಲಕ್ಷ್ಮಿಯ ಮುಖದ ಮೇಲೆ ಒಂದು ಕಲೆಯೂ ಇರಲಿಲ್ಲ. ಹೊಸೂರು ಸೀಮೆಯ ತಳಿ ಎಂಬ ಆ ಊರಿನ ಚಳಿ ಕಳೆದು ಬಿಸಿಲು ಏರಿದಾಗ ಎಡಗೆನ್ನೆಯಲ್ಲಿ ಕಂದು ಮಚ್ಚೆಯೊಂದು ಕಾಣಿಸಿಕೊಂಡಿತು. ತೊಳೆದರೆ ಹೋಗಲಿಲ್ಲ. ಬಂಗು ಅಂದರು ಅಕ್ಕಪಕ್ಕದವರು. ಅತ್ತೆ ಅಕ್ಕಯಮ್ಮ ಮಾತ್ರ ಸೊಸೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ಯಾರನ್ನೋ ಗುರುತು ಹಿಡಿಯುವವಳಂತೆ ಬಹಳ ಹೊತ್ತು ನೋಡಿದಳು.

ನಡುಮನೆಯ ಗೋಡೆಯಲ್ಲಿ ಭಾನುವಿನ ಫೋಟೋ ಇತ್ತು. ಭಾನು ಮುನಿಲಕ್ಷ್ಮಿಯ ಗಂಡ ಮುರಳಿಕೃಷ್ಣನ ಮೊದಲ ಹೆಂಡತಿ, ಅಕ್ಕಯಮ್ಮನ ಅಣ್ಣನ ಮಗಳು. ತಾಯಿಯಿಲ್ಲದ ಆ ಕೂಸನ್ನು ಎತ್ತಿ ಸಾಕಿದವಳು, ಸೊಸೆ ಮಾಡಿಕೊಂಡವಳು, ಕೊನೆಗೆ ಜ್ವರದಲ್ಲಿ ಬಾಯಿಗೆ ನೀರು ಬಿಟ್ಟವಳು, ಎಲ್ಲ ಅಕ್ಕಯಮ್ಮನೇ. ಫೋಟೋದಲ್ಲಿ ಭಾನುವಿನ ಎರಡೂ ಕೆನ್ನೆಗಳ ಮೇಲೆ ಬಂಗು ಇತ್ತು. ಎಡಗಡೆಯದು ಕಣ್ಣಂಚಿನಿಂದ ತುಟಿಯವರೆಗೆ ಕುಡುಗೋಲಿನಂತೆ ಬಾಗಿತ್ತು.

ಮಾರನೆಯ ದಿನದಿಂದ ಅಕ್ಕಯಮ್ಮ ಮದ್ದು ಶುರುಮಾಡಿದಳು. ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಡುವ ಮುಂಚೆ ನಿಂಬೆರಸದಲ್ಲಿ ಅರಿಶಿನ ಕಲಸಿ, ಹೆಬ್ಬೆರಳಿನಿಂದ ಕೆನ್ನೆಗೆ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸುವಳು. ಉರಿಯುತ್ತಿತ್ತು. ಆದರೂ ಮುನಿಲಕ್ಷ್ಮಿ ಕಣ್ಣು ಮುಚ್ಚಿ ಮುಖ ಒಡ್ಡುತ್ತಿದ್ದಳು. ಅಷ್ಟು ಅಕ್ಕರೆಯಿಂದ ಅವಳನ್ನು ಯಾರೂ ಮುಟ್ಟಿರಲಿಲ್ಲ.

ಅವಳ ಕೆಲಸ ಜರ್ಬೆರಾ ಹೂವಿನ ಪಾಲಿಹೌಸಿನಲ್ಲಿ. ಭಾನು ಕೆಲಸಕ್ಕಿದ್ದದ್ದೂ ಅಲ್ಲೇ. ಮೇಲೆ ಬಿಳಿ ಪ್ಲಾಸ್ಟಿಕ್ ಹೊದಿಕೆ. ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ಒಳಗೆ ಯಾರ ನೆರಳೂ ನೆಲಕ್ಕೆ ಬೀಳುವುದಿಲ್ಲ. ಬಿಸಿಲೇ ಇಲ್ಲವಲ್ಲ ಎಂದು ಅವಳು ತಲೆಗೆ ಬಟ್ಟೆಯನ್ನೂ ಕಟ್ಟುತ್ತಿರಲಿಲ್ಲ.

ಮಚ್ಚೆ ಹರಡಿತು, ಕಪ್ಪಾಯಿತು, ಬಾಗಿತು. ಒಂದು ದಿನ ಮೇಸ್ತ್ರಿ ರಾಮಯ್ಯ ಸಾಲಿನ ತುದಿಯಲ್ಲಿ ಅವಳನ್ನು ಕಂಡು ಹೂವಿನ ಕ್ರೇಟು ಕೈಬಿಟ್ಟ. ಆಮೇಲೆ ನಕ್ಕು, ಭಾನಮ್ಮ ಅಂದ್ಕೊಂಡ್ಬುಟ್ಟೆ ಅಂದ. ಮನೆಯಲ್ಲಿ ಅಕ್ಕಯಮ್ಮ ಪೆಟ್ಟಿಗೆ ತೆಗೆದು ಭಾನುವಿನ ಸೀರೆ, ರವಿಕೆಗಳನ್ನು ಕೊಟ್ಟಳು. ಊಟಕ್ಕೆ ಕರೆಯುವಾಗ ಹೆಸರು ತಪ್ಪತೊಡಗಿತು. ಮುರಳಿಕೃಷ್ಣ ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದ. ಒಂದು ಬೆಳಿಗ್ಗೆ ಹಿತ್ತಲಿನಿಂದ "ಭಾನೂ" ಎಂಬ ಕೂಗು ಬಂತು. "ಬಂದೆ ಅತ್ತೆ" ಎಂದು ಎದ್ದು ನಿಂತ ಮೇಲೆ ಮುನಿಲಕ್ಷ್ಮಿಗೆ ತಾನು ಓಗೊಟ್ಟದ್ದು ತಿಳಿಯಿತು. ಅವತ್ತು ಕೆಲಸಕ್ಕೆ ಹೋಗದೆ ಹೊಸೂರಿನ ಬಸ್ಸು ಹತ್ತಿದಳು.

ಚರ್ಮದ ಡಾಕ್ಟರಮ್ಮ ತಮಿಳಿನಲ್ಲಿ ನಿಧಾನವಾಗಿ ಬಿಡಿಸಿ ಹೇಳಿದರು. ಬೆಳಕು, ಕಾವು, ತಿಕ್ಕಾಟ, ಯಾವುದು ಕೆಣಕಿದರೂ ಚರ್ಮ ಬಣ್ಣ ಉಕ್ಕಿಸುತ್ತದೆ. ಪ್ಲಾಸ್ಟಿಕ್ಕಿನ ಕೆಳಗೂ ಬೆಳಕು ಬೆಳಕೇ. ಬೆಳಿಗ್ಗೆ ಸನ್‌ಸ್ಕ್ರೀನ್, ಮಧ್ಯಾಹ್ನ ಬೆವರು ಒರೆಸಿ ಮತ್ತೊಮ್ಮೆ. ಅಗಲ ಅಂಚಿನ ಟೋಪಿ. ರಾತ್ರಿ ಈ ಮುಲಾಮು. ಬೆಳ್ಳಗಾಗಿಸುವ ಅಂಗಡಿ ಕ್ರೀಮು ಬೇಡ. ತಿಂಗಳುಗಟ್ಟಲೆ ತಾಳ್ಮೆ ಬೇಕು. ಮತ್ತೆ, ಮುಖಕ್ಕೆ ಏನಾದರೂ ತಿಕ್ಕುತ್ತೀಯಾ?

ನಿಂಬೆರಸ ಅಂದಳು. ಅದಕ್ಕೆ ಬೆಳಕು ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ ಎಂದ ಡಾಕ್ಟರಮ್ಮ, ಎಲ್ಲೆಲ್ಲಿ ಅಂತ ಕೇಳಿದರು. ತೋರಿಸಲು ಅವಳ ಹೆಬ್ಬೆರಳು ಕಣ್ಣಂಚಿನಿಂದ ಹೊರಟು, ಬಾಗಿ, ತುಟಿಯ ಬಳಿ ಬಂದು ನಿಂತುಬಿಟ್ಟಿತು.

ಮರುದಿನ ಅಕ್ಕಯಮ್ಮ ಬಟ್ಟಲು ಹಿಡಿದು ಬಂದಾಗ ಮುನಿಲಕ್ಷ್ಮಿ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಿದ್ದಳು.

"ಬ್ಯಾಡ ಅತ್ತೆ. ನಿಂಬೆಹಣ್ಣು ಹಚ್ಕೊಂಡು ಹೋದ್ರೆ ಕರ್ರಗಾಯ್ತದಂತೆ."

"ಗೊತ್ತು ಕಣಮ್ಮಿ," ಅಂದಳು ಅಕ್ಕಯಮ್ಮ, ಮೆತ್ತಗೆ. "ಭಾನುಗೂ ಹಂಗೇ ಆಗಿದ್ದು. ಆಗ ನಂಗೆ ತಿಳೀನಿಲ್ಲ."

ಮುನಿಲಕ್ಷ್ಮಿಯ ಕೈ ನಿಂತಿತು. ಅತ್ತೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವಳ ಗಲ್ಲ ಹಿಡಿದು ತಿರುಗಿಸಿದಳು.

"ಇನ್ನೊಂದೀಟು ದಿನ ತಡ್ಕೋ. ಬಲಗಡೇದು ಇನ್ನೂ ಬಂದಿಲ್ಲ."

"ನಾನು ಮುನಿಲಕ್ಷ್ಮಿ ಅತ್ತೆ."

"ಹಂಗಾದ್ರೆ ಭಾನುನ ಎಲ್ಲಿಗೆ ಕಳಿಸ್ತೀಯಾ, ಹೇಳು?"

ಅವಳು ಗಲ್ಲ ಬಿಡಿಸಿಕೊಂಡಳು. ಹಣೆ, ಕೆನ್ನೆ, ಕಿವಿಯ ಸಂದು ಯಾವುದನ್ನೂ ಬಿಡದೆ ಹಚ್ಚಿ, ಟೋಪಿ ಇಟ್ಟುಕೊಂಡು ಹೊರಟಳು. ಆ ದಿನದಿಂದ ಒಂದು ದಿನವೂ ತಪ್ಪಿಸಲಿಲ್ಲ. ಮಳೆ ಬಂದಾಗಲೂ ಹಚ್ಚಿದಳು. ಬಂಗು ಪೂರ್ತಿ ಹೋಗಲಿಲ್ಲ. ಅಂಚು ಕರಗಿತು, ಬಾಗು ಕಳೆಯಿತು, ಉಳಿದದ್ದು ನೀರು ಬೆರೆಸಿದ ಟೀಯಷ್ಟು ತಿಳಿಯಾಯಿತು. ಅದು ತಿಳಿಯಾದಂತೆಲ್ಲ ಅಕ್ಕಯಮ್ಮನ ಮಾತೂ ಕಮ್ಮಿಯಾಯಿತು.

ರಾಗಿ ಕೊಯ್ಲಿನ ಹೊತ್ತಿಗೆ, ಒಂದು ಸಂಜೆ ಮುನಿಲಕ್ಷ್ಮಿ ಕೆಲಸದಿಂದ ಬಂದಾಗ ಅತ್ತೆ ಹೊಸಿಲಲ್ಲಿ ನಿಂತಿದ್ದಳು. ದಾರಿ ಬಿಡಲಿಲ್ಲ. ಅವಳ ಮುಖವನ್ನು ಮೇಲಿನಿಂದ ಕೆಳಗಿನವರೆಗೆ ಹುಡುಕಿದಳು.

"ಯಾವೂರಮ್ಮ ನಿಂದು? ಯಾರು ಬೇಕಾಗಿತ್ತು?"

ಅದು ಕುಹಕವಾಗಿರಲಿಲ್ಲ. ಒಳಗಿನಿಂದ ಮುರಳಿಕೃಷ್ಣ ಕೆಮ್ಮಿದ್ದು ಕೇಳಿಸಿತು. ಅವನು ಹೊರಗೆ ಬರಲಿಲ್ಲ. ಮುನಿಲಕ್ಷ್ಮಿ ತನ್ನ ಹೆಸರು ಹೇಳಿದಳು. ಅಕ್ಕಯಮ್ಮ ತಲೆಯಾಡಿಸಿ ಒಳಗೆ ಹೋಗಿ, ದೂರದಿಂದ ಬಂದವರಿಗೆ ಕೊಡುವಂತೆ ಒಂದು ಚೊಂಬು ನೀರು ತಂದು ಹೊರಜಗಲಿಯ ಮೇಲೆ ಇಟ್ಟಳು.