ಮೊದಲ ಎಂಟು ಹೆಜ್ಜೆ

"ರಾತ್ರಿ ಯಾರು ಬಂದು ಈ ಹಿಮ್ಮಡಿಗೆ ಮೊಳೆ ಹೊಡೆದು ಹೋಗ್ತಾರೆ?"

ಕೋಣೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಅಕ್ಕತಂಗಿಯರಿಬ್ಬರಲ್ಲಿ ದೊಡ್ಡವಳು ಮಂಚದ ಅಂಚಿನಲ್ಲಿ ಕೂತು, ಬಲಗಾಲನ್ನು ನೆಲಕ್ಕೆ ಊರಲೋ ಬೇಡವೋ ಎಂದು ನೋಡುತ್ತಿದ್ದಳು. ಕಡೆಗೆ ಗೋಡೆ ಹಿಡಿದು ಎದ್ದಳು. ಬಚ್ಚಲಿಗೆ ಎಂಟು ಹೆಜ್ಜೆ. ಅಮ್ಮ ಕಲಿಸಿದ ಪ್ರಾರ್ಥನೆಯನ್ನು ಹೆಜ್ಜೆಗೊಂದು ಸಾಲಿನಂತೆ ಹೇಳಿಕೊಂಡು ಹೋದಳು. ಮೊದಲ ಸಾಲು ಹಲ್ಲು ಕಚ್ಚಿ, ಕೊನೆಯದು ಬಾಯಿ ತುಂಬ. ಚಹಾ ಕುದಿಯುವ ಹೊತ್ತಿಗೆ ಕಾಲು ಏನೂ ಅರಿಯದ ಕೂಸಿನಂತೆ ಸುಮ್ಮನಾಗಿತ್ತು.

ಎರಡು ತಿಂಗಳಿಂದ ಹೀಗೇ. ಅಕ್ಕತಂಗಿಯರ ಹೊಲಿಗೆ ಅಂಗಡಿಯಲ್ಲಿ ದೊಡ್ಡವಳದು ಕತ್ತರಿ, ಚಿಕ್ಕವಳದು ಮಿಷನ್ನು. ದೊಡ್ಡವಳು ಮೇಜಿನ ಮುಂದೆ ಬರಿಗಾಲಲ್ಲಿ ನಿಂತು ಬಟ್ಟೆ ಕತ್ತರಿಸತೊಡಗಿ ಇಪ್ಪತ್ತಾರು ವರ್ಷವಾಗಿತ್ತು. ಆ ಕತ್ತರಿಯನ್ನು ಒಂದು ದಿನವೂ ತಂಗಿಯ ಕೈಗೆ ಕೊಟ್ಟವಳಲ್ಲ. ತಪ್ಪಿ ಹೊಲಿದರೆ ಬಿಚ್ಚಬಹುದು, ತಪ್ಪಿ ಕತ್ತರಿಸಿದರೆ ಏನು ಮಾಡುತ್ತೀ ಎಂಬುದು ಅವಳ ವಾದ.

ನೋವಿನ ಲೆಕ್ಕ ಮಾತ್ರ ಅವಳಿಗೆ ಹತ್ತುತ್ತಿರಲಿಲ್ಲ. ಮಲಗಿ ಎದ್ದರೆ ನೋವು. ಊಟಕ್ಕೆ ಕೂತು ಎದ್ದರೂ ನೋವು. ನಿಂತು ಕೆಲಸಕ್ಕೆ ತೊಡಗಿದರೆ ಇಲ್ಲ. ಹಾಗಿದ್ದರೆ ಕೂರುವುದರಲ್ಲೇ ಏನೋ ಇದೆ ಎಂದುಕೊಂಡು, ಮೇಜಿನ ಬಳಿಯ ಸ್ಟೂಲನ್ನು ಎತ್ತಿ ಹಿಂದಿನ ಕೋಣೆಗೆ ಹಾಕಿದಳು. ಊಟವೂ ನಿಂತೇ.

"ಕುದುರೆ ಹಾಗೆ ನಿದ್ದೇನೂ ನಿಂತೇ ಮಾಡಿಬಿಡು, ಮಂಚ ನನಗಿರಲಿ" ಎಂದಳು ಚಿಕ್ಕವಳು.

"ನಿನ್ನ ಗೊರಕೆಗೆ ಮಂಚ ತಡೆಯಲ್ಲ."

ನಿಂತಷ್ಟೂ ಬೆಳಗಿನ ಮೊಳೆ ಉದ್ದವಾಯಿತು. ಕಾರ್ಖಾನೆಯ ಕಾವಲುಗಾರರ ಪ್ಯಾಂಟಿಗೆ ಆರು ಪದರ ಬಟ್ಟೆ ಒಟ್ಟಿಗೆ ಹಾಸಿ ಕತ್ತರಿಸುವಾಗ, ಬಲಗಾಲಿನ ಭಾರ ಉಳಿಸಲು ಅವಳು ಎಡ ಮೊಣಕೈಯನ್ನು ಬಟ್ಟೆಯ ಮೇಲೆಯೇ ಊರಿದಳು. ಮೇಲಿನ ಪದರಗಳು ತುಸು ಜರುಗಿದವು. ಅದು ಅವಳ ಕಣ್ಣಿಗೆ ಬೀಳಲಿಲ್ಲ.

ಸಂಜೆ ಚಿಕ್ಕವಳು ಎರಡು ತುಂಡುಗಳನ್ನು ಜೋಡಿಸಿ ಹಿಡಿದಳು. ಒಂದು ತುಂಡು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ.

"ಅಕ್ಕಾ, ಈ ಕಾವಲುಗಾರನಿಗೂ ನಿನ್ನ ಹಾಗೆ ಕುಂಟಾ?"

ದೊಡ್ಡವಳು ಟೇಪು ಹಿಡಿದು ಮೂರು ಸಲ ಅಳೆದಳು. ಮೂರು ಸಲವೂ ಗಿಡ್ಡ. ತಂಗಿಯ ನಗು ಅಲ್ಲಿಗೇ ನಿಂತಿತು.

ಮರುದಿನ ಚಿಕಿತ್ಸಾಲಯದಲ್ಲಿ ವೈದ್ಯೆ ಹಿಮ್ಮಡಿಯ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಒತ್ತಿದಾಗ ದೊಡ್ಡವಳು ಕುರ್ಚಿಯಿಂದ ಅರ್ಧ ಎದ್ದಳು.

"ಇಲ್ಲೇ ಇರೋದು" ಎಂದರು ವೈದ್ಯೆ. "ಹಿಮ್ಮಡಿಯಿಂದ ಬೆರಳಿನ ತನಕ ಅಂಗಾಲಲ್ಲಿ ಒಂದು ಗಟ್ಟಿ ಪಟ್ಟಿ ಇರುತ್ತೆ. ನಿಂತು ನಿಂತು ಅದು ನೊಂದಿದೆ. ರಾತ್ರಿ ಬಿಗಿದುಕೊಳ್ಳುತ್ತೆ, ಬೆಳಿಗ್ಗೆ ಮೊದಲ ಹೆಜ್ಜೆಗೆ ಒಮ್ಮೆಲೇ ಜಗ್ಗುತ್ತೆ."

"ಹಾಗಾದ್ರೆ ಮಲಗೋದೇ ತಪ್ಪು."

"ಮಲಗೋದು ತಪ್ಪಲ್ಲ ಅಮ್ಮಾ, ನಿಲ್ಲೋದು ಜಾಸ್ತಿ."

"ನಿಂತ್ರೆ ನೋವು ಹೋಗುತ್ತಲ್ಲ?"

"ಹೋಗಲ್ಲ. ಓಡಾಡಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೆ, ಅಷ್ಟೆ."

ಮಂಚ ಇಳಿಯುವ ಮೊದಲು ಟವೆಲ್ಲನ್ನು ಬೆರಳುಗಳಿಗೆ ಸುತ್ತಿ ಪಾದವನ್ನು ತನ್ನತ್ತ ಎಳೆದು ಹಿಡಿಯಬೇಕು. ತಣ್ಣೀರಿನ ಬಾಟಲಿಯನ್ನು ಅಂಗಾಲಡಿ ಉರುಳಿಸಬೇಕು. ಮನೆಯೊಳಗೂ ಮೆತ್ತನೆಯ ಚಪ್ಪಲಿ. ಆರು ವಾರ ಮೇಜಿನ ಮುಂದೆ ನಿಲ್ಲುವಂತಿಲ್ಲ. ದೊಡ್ಡವಳು ಎಲ್ಲಕ್ಕೂ ತಲೆಯಾಡಿಸಿದಳು, ಆದರೆ ಒಂದೂ ತಲೆಗೆ ಹೋಗಲಿಲ್ಲ. ಗುಣ ಮಾಡುತ್ತಿದೆ ಎಂದುಕೊಂಡದ್ದೇ ಕೆಡಿಸುತ್ತಿತ್ತು ಎಂದರೆ, ಇನ್ನು ಯಾವುದನ್ನು ನಂಬುವುದು?

ಆರು ವಾರ ಅವಳು ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚಿದಳು. ಚಿಕ್ಕವಳು ಬೆಳಿಗ್ಗೆ ಕತ್ತರಿಸಿ, ಮಧ್ಯಾಹ್ನದ ಮೇಲೆ ಹೊಲಿದಳು. ಮೊದಮೊದಲು ಅವಳು ಪದರ ಪದರಕ್ಕೂ ಗುಂಡುಸೂಜಿ ಚುಚ್ಚಿ, ಉಸಿರು ಬಿಗಿಹಿಡಿದು ಕತ್ತರಿ ಆಡಿಸುತ್ತಿದ್ದಳು. "ನಿಧಾನ" ಎಂದು ದೊಡ್ಡವಳು ಗದರಲು ಬಾಯಿ ತೆರೆದು, ತಂಗಿ ನಿಧಾನವಾಗಿಯೇ ಇರುವುದನ್ನು ಕಂಡು ಮುಚ್ಚುತ್ತಿದ್ದಳು. ಮೂರನೆಯ ವಾರ ಸೂಜಿಗಳು ಕಡಿಮೆಯಾದವು. ಒಂದು ಬಟ್ಟೆಯೂ ವಾಪಸು ಬರಲಿಲ್ಲ. ಬಂದಿದ್ದರೆ ಮನಸ್ಸು ಹಗುರವಾಗುತ್ತಿತ್ತೋ ಭಾರವಾಗುತ್ತಿತ್ತೋ, ದೊಡ್ಡವಳಿಗೇ ತಿಳಿಯಲಿಲ್ಲ.

ಕಾಲು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಮೊಳೆ ಮುಳ್ಳಾಗಿತ್ತು. ಪ್ರಾರ್ಥನೆಯ ಎರಡು ಸಾಲು ಹೇಳುವಷ್ಟರಲ್ಲಿ ಅದೂ ಇರುತ್ತಿರಲಿಲ್ಲ.

ಆರು ವಾರ ಕಳೆದ ಮರುದಿನ ಅವಳು ಹೊಸ ಚಪ್ಪಲಿಯಲ್ಲಿ ನೆಟ್ಟಗೆ ನಡೆದುಬಂದು ಮೇಜಿನ ಮುಂದೆ ನಿಂತಳು. ಚಿಕ್ಕವಳು ಸೀಮೆಸುಣ್ಣದಿಂದ ತೋಳಿನ ಬಾಗು ಎಳೆಯುತ್ತಿದ್ದಳು. ಬಾಗು ಚೆನ್ನಾಗಿತ್ತು.

"ವೈದ್ಯೆ ಹೇಳಿದ್ದು ಮುಗೀತು" ಎಂದಳು ದೊಡ್ಡವಳು.

"ಗೊತ್ತು. ಬೆಳಿಗ್ಗೆ ನಿನ್ನ ಹೆಜ್ಜೆ ಕೇಳಿಸ್ತು. ಕುಂಟು ಇರಲಿಲ್ಲ."

"ಹಾಗಾದ್ರೆ ಕತ್ತರಿ ಕೊಡು."

ಚಿಕ್ಕವಳು ಗೆರೆಯನ್ನು ತುದಿಯವರೆಗೆ ಎಳೆದು ಮುಗಿಸಿದಳು. ಬೆರಳಿಗೆ ಅಂಟಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡು, ಕತ್ತರಿಯನ್ನು ಎತ್ತಿಕೊಂಡಳು.

"ಕೊಡಲ್ಲ, ಅಕ್ಕ."