ನಾಲ್ಕನೇ ಕಂಬದ ಹಳದಿ ಟೈಲು

ಕೋಲಿನ ಸದ್ದು, ಟಕ್, ಟಕ್, ಹಳಿಯಾಚೆಯ ಪ್ಲಾಟ್‌ಫಾರ್ಮಿನಿಂದ, ಅಕ್ಕನದೇ, ಈ ಗದ್ದಲದಲ್ಲೂ ಗೊತ್ತಾಗುತ್ತದೆ, ಜೊತೆಗೆ ಬರ್ತೀನಿ ಅಂದರೆ ಬೇಡ ಕಣೋ, ನೀನು ನಿನ್ನ ಕೆಲಸಕ್ಕೆ ಹೋಗು, ನಾನು ನನ್ನ ಕೆಲಸಕ್ಕೆ, ಹಟಮಾರಿ, ಕಣ್ಣು ಹೋಗಿ ಆರು ವರ್ಷವಾದ ಮೇಲೆ ಮೊದಲ ಕೆಲಸ, ಮೊದಲ ಸಲ ಒಬ್ಬಳೇ, ಅದಕ್ಕೇ ನಾನು ಈಚೆ, ಎದುರು ದಿಕ್ಕಿನ ರೈಲಿಗೆ, ಕೈಯಲ್ಲಿ ಕರಣೆಯ ಚೀಲ — ಈ ಮೆಟ್ರೋ ನಿಲ್ದಾಣಕ್ಕೆ ಟೈಲು ಹಾಕಿದವನು ನಾನು, ರಸ್ತೆಯಿಂದ ಮೂರು ಮಹಡಿ ಎತ್ತರದಲ್ಲಿ ಮೊಣಕಾಲೂರಿ, ಕಣ್ಣು ಕಾಣದವರಿಗೆಂದು ಹಳದಿ ಟೈಲು, ಉದ್ದ ಗೆರೆಯಿದ್ದರೆ ನಡೆ, ದುಂಡು ಉಬ್ಬುಗಳಿದ್ದರೆ ನಿಲ್ಲು, ಒಂದೊಂದನ್ನು ಮನೆಗೆ ಒಯ್ದು ಅಡುಗೆಮನೆಯಲ್ಲಿಟ್ಟು ಅಕ್ಕನಿಗೆ ಬರಿಗಾಲಲ್ಲಿ ಕಲಿಸಿದವನೂ ನಾನೇ, ಗೆರೆ ಸಿಕ್ಕಿದರೆ ಕಣ್ಮುಚ್ಚಿಕೊಂಡು ಹೋಗು ಅಕ್ಕಾ ಅಂದೆ, ಇನ್ನೇನು ಮುಚ್ಚಲೋ ಅಂತ ಬಿದ್ದು ಬಿದ್ದು ನಕ್ಕಳು.

ಆ ಎಂಜಿನಿಯರ್, ಅವನ ಮನೆ ಹಾಳಾಗ, ಉದ್ಘಾಟನೆಗೆ ಒಂದೇ ದಿನ, ಆಚೆ ಪ್ಲಾಟ್‌ಫಾರ್ಮಿನ ಅಂಚಿಗೆ ಉಬ್ಬಿನ ಟೈಲು ಮೂರು ಕಮ್ಮಿ, ಸಾರ್ ತರಿಸಿ ಅಂದರೆ ಎರಡೂ ಹಳದಿನೇ ಅಲ್ವೇನಯ್ಯಾ, ಗೆರೆದೇ ಹಾಕು, ಯಾರು ಬಗ್ಗಿ ನೋಡ್ತಾರೆ, ಆಮೇಲೆ ಬದಲಾಯಿಸಿದ್ರಾಯ್ತು, ಆಮೇಲೆ! ಅವನ ಆಮೇಲೆಗೆ ಎಂಟು ತಿಂಗಳು, ಮತ್ತು ನಾನು, ಹಾಕಿದೆನಲ್ಲ, ಬಾಯಿ ಮುಚ್ಚಿಕೊಂಡು, ಮಟ್ಟ ನೋಡಿ, ಸಂದು ತುಂಬಿ, ಒರೆಸಿ, ನಾಲ್ಕನೇ ಕಂಬದ ಹತ್ತಿರ ಮೂರು, ಗೆರೆ ನೇರ ಹಳಿಯ ಕಡೆಗೆ — ನಿನ್ನೆ ಊಟಕ್ಕೆ ಕೂತಾಗ ಮಾತು ನಾಲಿಗೆಯ ತುದಿಗೆ ಬಂದಿತ್ತು, ನೀನು ಹಾಕಿದ ದಾರಿ ಕಣೋ, ನಂಗೇನು ಭಯ ಅಂದಳು, ನುಂಗಿಕೊಂಡೆ, ನಾಚಿಕೆಗೆಟ್ಟವನು, ಎರಡನೇ ಕಂಬದ ಹತ್ತಿರವೇ ನಿಲ್ಲು ಅಂದೆ, ಅಷ್ಟೇ, ಈಗ ನೋಡಿದರೆ ಎರಡನೇ ಕಂಬದಲ್ಲಿ ಯಾರೋ ಪುಣ್ಯಾತ್ಮರು ಸೂಟ್‌ಕೇಸು ರಾಶಿ ಹಾಕಿಕೊಂಡು ಹರಟುತ್ತಿದ್ದಾರೆ, ಸರೀರಿ ಆಚೆ, ಕತ್ತೆಗಳಾ, ಅವಳು ಬಳಸಿಕೊಂಡು ಮುಂದೆ ಬರುತ್ತಾಳೆ, ಮೂರು, ಟಕ್, ನಾಲ್ಕು, ಕೋಲು ಗೆರೆ ಹಿಡಿದು ತಿರುಗುತ್ತದೆ, ಹಳಿ ಗುಂಯ್ ಎನ್ನುತ್ತಿದೆ, ಅಕ್ಕಾ ನಿಲ್ಲೂ, ಗೆರೆ ನಂಬಬೇಡ, ನಾನೇ ತಪ್ಪಾಗಿ ಹಾಕಿದ್ದು — ಇಡೀ ನಿಲ್ದಾಣ ನನ್ನ ಕಡೆ ತಿರುಗಿತು, ಅವಳು ನಿಂತಳು, ಚಪ್ಪಲಿಯ ತುದಿ ಅಂಚಿನಾಚೆ, ಒಂದು ಹೆಜ್ಜೆ ಹಿಂದೆ, ಇನ್ನೊಂದು, ಅಷ್ಟರಲ್ಲಿ ರೈಲು ನಮ್ಮಿಬ್ಬರ ನಡುವೆ ನುಗ್ಗಿ ಬಂದು, ನಿಂತು, ಹೋಯಿತು, ಅವಳು ಹತ್ತಿಲ್ಲ, ಕುಕ್ಕರಗಾಲಲ್ಲಿ ಕೂತು ಬೆರಳಾಡಿಸುತ್ತಿದ್ದಾಳೆ, ಒಂದನೆಯದರ ಮೇಲೆ, ಎರಡನೆಯದರ ಮೇಲೆ, ಮೂರನೆಯದರ ಮೇಲೆ, ಮುಖವೆತ್ತಿ ನನ್ನ ದನಿ ಬಂದ ಕಡೆಗೆ, ನಿಂಗೆ ಗೊತ್ತಿತ್ತೇನೋ, ಮತ್ತೆ ಬೆರಳು, ಗೆರೆ, ಗೆರೆ, ಗೆರೆ