ಎಂಟಕ್ಷರದ ಬೀಗ

ನಾನು ಒಂದು ಚಿಕ್ಕ ಪ್ರೋಗ್ರಾಂ. ಗದಗಿನ ಒಂದು ಮಹಿಳಾ ಆಶ್ರಯಧಾಮದ ಹಳೇ ಕಂಪ್ಯೂಟರಿನಲ್ಲಿ ಹುಟ್ಟಿದೆ. ‘ಸಿ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನನ್ನನ್ನು ಬರೆದವರು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ಸುಮಿತ್ರಾ ಹಲಗೇಕರ. ನಾನು ಹುಟ್ಟಲು ಕಾರಣ ಒಂದು ಸಾವು. ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸೊಬ್ಬಳನ್ನು ಧಾಮದವರು ಬೇರೆ ಊರಿನಲ್ಲಿ ಬಚ್ಚಿಟ್ಟಿದ್ದರು. ಗಂಡ ಧಾಮದೊಳಗೆ ನುಗ್ಗಿ, ಕಂಪ್ಯೂಟರಿನಲ್ಲಿದ್ದ ವಿಳಾಸ ಓದಿಕೊಂಡು ಹೋಗಿ ಅವಳನ್ನು ಕೊಂದ.

ನನ್ನ ಕೆಲಸ ಸರಳ. ಬರೆದದ್ದನ್ನು ಎಂಟೆಂಟು ಅಕ್ಷರಗಳ ತುಂಡು ಮಾಡುತ್ತೇನೆ. ಸಿ ಭಾಷೆಯ ಜೊತೆಗೇ ಬರುವ ಸಿದ್ಧ ಕೆಲಸಗಾರರ ಸಂಗ್ರಹಕ್ಕೆ ಲೈಬ್ರರಿ ಎನ್ನುತ್ತಾರೆ; ಅದರಲ್ಲಿನ ಒಂದು ಕೆಲಸಗಾರನಿಗೆ, ಅಂದರೆ ಫಂಕ್ಷನ್ನಿಗೆ, ಎಂಟಕ್ಷರದ ಕೀಲಿಪದ ಒಪ್ಪಿಸುತ್ತೇನೆ. ಇನ್ನೊಂದಕ್ಕೆ ಒಂದೊಂದೇ ತುಂಡು ಕೊಡುತ್ತೇನೆ. ಜೊತೆಗೆ ಸೊನ್ನೆ ಕೊಟ್ಟರೆ ಅದು ತುಂಡನ್ನು ಗುರುತು ಸಿಗದಂತೆ ಕಲಸಿಬಿಡುತ್ತದೆ. ಸೊನ್ನೆಯ ಬದಲು ಒಂದು ಕೊಟ್ಟರೆ, ಕೀಲಿಪದ ಅದೇ ಆಗಿದ್ದರೆ, ಮೊದಲಿನಂತೆ ಮಾಡಿಕೊಡುತ್ತದೆ. ಕೆಲಸ ಮುಗಿದೊಡನೆ ಕೀಲಿಪದವನ್ನು ನಾನು ಮರೆಯಬೇಕು. ಅದು ನೆನಪಿದ್ದದ್ದು ಧಾಮದ ಮೇಲ್ವಿಚಾರಕಿ ಪ್ರಭಾವತಿ ಅಕ್ಕನಿಗೆ ಮಾತ್ರ.

ಒಂದು ಮಧ್ಯಾಹ್ನ ದ್ಯಾಮವ್ವ ಎಂಬಾಕೆ ಮಗಳನ್ನು ಕರಕೊಂಡು ಬಂದಳು. ಇನ್ನೂ ಮೈನೆರೆಯದ ಹುಡುಗಿಯನ್ನು ಅಪ್ಪ ತನ್ನ ಓರಗೆಯ ಗೆಳೆಯನಿಗೆ ಕೊಡಲು ನಿಶ್ಚಯ ಮಾಡಿದ್ದ.

"ಎಲ್ಲಿಗೆ ಕಳಸ್ತೀರಿ ಅನ್ನೂದು ನನಗೂ ಹೇಳಬ್ಯಾಡ್ರಿ ಅಕ್ಕಾರ," ಎಂದಳು. "ಅಂವ ಹೊಡದ್ರ ನನ್ನ ಬಾಯಿ ನಿಲ್ಲೂದಿಲ್ಲ."

ಮನೆಯಲ್ಲಿ ಇನ್ನೂ ಸಣ್ಣ ಮಕ್ಕಳಿದ್ದರು. ದ್ಯಾಮವ್ವ ಹಿಂದಿರುಗಿದಳು. ಅಕ್ಕ ತಾವೇ ಹುಡುಗಿಯನ್ನು ದೂರದ ಊರಿಗೆ ಬಿಟ್ಟುಬಂದರು. ತಾವೇ ಬಂದು ಕರೆಯುವವರೆಗೆ ಪತ್ರ ಬೇಡ, ಫೋನು ಬೇಡ, ಊರ ಕಡೆ ಬರುವುದೂ ಬೇಡ ಎಂದು ಅವಳಿಗೆ ಕಟ್ಟಪ್ಪಣೆ ಮಾಡಿದರು. ಅವಳ ಹೊಸ ಹೆಸರು, ಊರು, ಸಾಕುವವರ ವಿಳಾಸ ಎಲ್ಲವೂ ನನ್ನ ಮೂಲಕ ಹಾದು ಕಲಸಿಹೋದವು. ಅಪ್ಪ ಜನ ಕಟ್ಟಿಕೊಂಡು ಬಂದು ಕಂಪ್ಯೂಟರಿನಲ್ಲಿದ್ದ ಕಡತ ತೆರೆಸಿದ. ಕಂಡದ್ದು ಅರ್ಥವಿಲ್ಲದ ಗೀಚು. ಬೈಯುತ್ತಾ ಹೊರಟುಹೋದ.

ವರ್ಷಗಳು ಕಳೆದವು. ಅಕ್ಕನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು; ಹೆಸರುಗಳು, ಅಕ್ಷರಗಳು ತಲೆಯೊಳಗೇ ಕಲಸಿಹೋದವು. ಆಮೇಲೆ ದ್ಯಾಮವ್ವ ಬಂದಳು. ಗಂಡ ಸತ್ತಿದ್ದ.

"ಈಗ ಹೇಳ್ರಿ ಅಕ್ಕಾರ, ನನ್ನ ಕೂಸು ಎಲ್ಲೈತಿ?"

ಅಕ್ಕ ಬಾಯಿ ತೆರೆದರು. ಬರೀ ಗೊರಗೊರ ಸದ್ದು ಬಂತು.

ಸುಮಿತ್ರಾರನ್ನು ಕರೆಸಿದರು. ಅಕ್ಕನ ಎಡಗೈ ಬೆರಳು ಕೀಬೋರ್ಡಿನ ಮೇಲೆ ತಡಕಾಡಿತು. ಒತ್ತಿದ ಪದವನ್ನೆಲ್ಲ ಲೈಬ್ರರಿಗೆ ಒಯ್ದು ಕೊಟ್ಟೆ. ಪದ ತಪ್ಪೆಂದು ಅದು ಹೇಳುವುದಿಲ್ಲ. ಕೊಟ್ಟದ್ದನ್ನು ನಿಷ್ಠೆಯಿಂದ ತಿರುವಿಹಾಕುತ್ತದೆ. ಗೀಚಿನಿಂದ ಮತ್ತೊಂದು ಗೀಚು ಹುಟ್ಟುತ್ತಲೇ ಇತ್ತು.

"ಬ್ಯಾರೆ ದಾರಿ ಇಲ್ಲೇನ್ರಿ ಬಾಯಾರ?" ದ್ಯಾಮವ್ವ ಸುಮಿತ್ರಾರನ್ನು ಕೇಳಿದಳು.

"ದಾರಿ ಇರಬಾರದು ಅಂತನ ಇದನ್ನ ಬರದೀನವ್ವಾ," ಎಂದು ಸುಮಿತ್ರಾ ಮುಖ ಮುಚ್ಚಿಕೊಂಡರು.

ಅಕ್ಕನ ಕಣ್ಣಿಂದ ನೀರು ಇಳಿಯತೊಡಗಿತು. ದ್ಯಾಮವ್ವ ಸೆರಗಿನಿಂದ ಒರೆಸಿದಳು. "ಅಳಬ್ಯಾಡ್ರಿ. ಅವನ ಕೈಗಂತೂ ಸಿಗಲಿಲ್ಲಲ್ಲ."

ಆಕೆ ಈಗ ಧಾಮದಲ್ಲೇ ಅಡುಗೆ ಮಾಡುತ್ತಾಳೆ, ಅಕ್ಕನಿಗೆ ತುತ್ತು ಉಣಿಸುತ್ತಾಳೆ. ಹೊಸ ಕಂಪ್ಯೂಟರ್ ಬಂದಿದೆ. ಅದರ ಲೈಬ್ರರಿಯಲ್ಲಿ ಆ ಫಂಕ್ಷನ್‌ಗಳೇ ಇಲ್ಲ. ಈ ಕಾಲಕ್ಕೆ ಅವು ಹಳತಾದವೆಂದು ಕೈಬಿಟ್ಟರಂತೆ. ನಾನಿರುವ ಹಳೇ ಪೆಟ್ಟಿಗೆ ಉಗ್ರಾಣದ ಮೂಲೆ ಸೇರಿದೆ. ಜೋಳ ತೆಗೆಯಲು ಬಂದಾಗ ದ್ಯಾಮವ್ವ ನನ್ನ ಮೇಲಿನ ಧೂಳು ಒರೆಸಿ ಸ್ವಲ್ಪ ಹೊತ್ತು ನಿಲ್ಲುತ್ತಾಳೆ.

ಯಾವ ಹೆಸರು ಹಿಡಿದು ಕರೆದರೆ ಅವಳ ಮಗಳು ತಿರುಗಿ ನೋಡುವಳೋ, ಆ ಹೆಸರು ಇದೇ ಪೆಟ್ಟಿಗೆಯೊಳಗೆ ಗೀಚಾಗಿ ನನ್ನ ಪಕ್ಕದಲ್ಲೇ ಇದೆ. ನನಗೆ ಅದನ್ನು ಓದಲು ಬರುವುದಿಲ್ಲ.